ನಕಲಿನ ತಪ್ಪು

ಓಲೆಗರಿಯ ಗ್ರಂಥವನ್ನು ನಕಲು ಮಾಡುವ ಲಿಪಿಕಾರನು ಒಂದಕ್ಷರವನ್ನು ಬಿಡುವುದುಂಟು. ಶೋಧಕನು ಅದನ್ನು ತಿದ್ದುವನು. ನಮ್ಮ ಜೀವಕೋಶವೂ ಇಬ್ಭಾಗವಾಗುವ ಮುನ್ನ ತನ್ನೊಳಗಿನ ಸುಮಾರು 600 ಕೋಟಿ ಅಕ್ಷರಗಳ ಡಿ. ಎನ್. ಎ. ಗ್ರಂಥವನ್ನು ಕೆಲವೇ ಗಂಟೆಗಳಲ್ಲಿ ನಕಲಿಸುವುದು. ಅಲ್ಲಿಯೂ ಶೋಧಕರುಂಟು, ಆ ತಿದ್ದುಪಡಿಯ ಮರ್ಮವನ್ನು ಬಿಡಿಸಿದ ಲಿಂಡಾಲ್, ಮಾಡ್ರಿಚ್, ಸಂಜಾರ್ ಎಂಬವರಿಗೆ 2015ರಲ್ಲಿ ನೊಬೆಲ್ ಬಹುಮಾನವು ಸಂದಿತು. ಆದರೆ ಮೂಲದ ಗರಿಯನ್ನೇ ಹುಳು ತಿಂದಿದ್ದರೆ? ನಕಲು ಅಲ್ಲಿ ತಡೆದು ನಿಲ್ಲುವುದು, ಎಳೆಯು ಮುರಿಯುವುದು, ಮುರಿದ ತುಂಡು ಬೇರೊಂದು ಕಟ್ಟಿಗೆ ಸೇರಿಹೋಗುವುದೂ ಉಂಟು. ಶೋಧಕನನ್ನು ನಿಯಮಿಸುವ ಗರಿಯೇ ಕೆಟ್ಟರಂತೂ ಮುಂದಿನ ನಕಲು ನಕಲಿಗೂ ತಪ್ಪು ಬೆಳೆಯುವುದು. ಅರ್ಬುದರೋಗಕ್ಕೆ ದಾರಿಯು ಹೀಗೆ ತೆರೆಯುವುದು.

ಗುತ್ತಿಗಾರಿನ ಕಡೆಯಲ್ಲಿ ಅಡಿಕೆಯೇ ಅನ್ನ. ಆದುದರಿಂದ ಮುಂದಿನ ಮಾತನ್ನು ಬರೆಯಲು ನಮಗೆ ಸಂಕೋಚವಿದೆ. ಅಡಿಕೆಯನ್ನು ಸುಣ್ಣದೊಡನೆ ಜಗಿದಾಗ ಹುಟ್ಟುವ ಆಮ್ಲಜನಕದ ಉಗ್ರರೂಪಗಳು ಕೆನ್ನೆಯ ಕೋಶಗಳಲ್ಲಿನ ಈ ಗ್ರಂಥಕ್ಕೆ ಹುಳುವಿನಂತೆ ತಗಲುವುವು. ಹೊಗೆಸೊಪ್ಪು ಸೇರಿದರೆ ಕೇಡು ಹೆಚ್ಚು. ಅದಿಲ್ಲದ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಶಾಖೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದೆ. ಊಟವಾದ ಮೇಲೆ ಎಲೆಯಡಿಕೆಯ ಹರಿವಾಣವನ್ನು ಮುಂದಿಡುವುದು ನಮ್ಮ ಸೀಮೆಯ ಮರ್ಯಾದೆ. ನಾವೂ ಬಹುಕಾಲ ಮೆದ್ದವರೇ. ಕೆನ್ನೆಯೊಳಗೆ ಬಿಳಿಯ ಮಚ್ಚೆಯೋ, ಎರಡು ವಾರಕ್ಕೂ ಮಾಯದ ಹುಣ್ಣೋ, ಬಾಯಿ ತೆರೆಯಲು ಬಿಗಿತವೋ ಕಂಡವರು ಜಗಿಯುವುದನ್ನು ಅಂದೇ ಬಿಟ್ಟು ವೈದ್ಯರಿಗೆ ತೋರಿಸತಕ್ಕದ್ದು.