ಗಾಳಿಯ ಲೆಕ್ಕ

“ಗಾಳಿ ಬಂದಾಗ ತೂರಿಕೊ” ಎಂದರು ಹಿರಿಯರು. ಗಾಳಿ ಎದುರಿಗೇ ಬಂದರೆ ಏನು ಮಾಡಬೇಕೆಂದು ಹೇಳಲಿಲ್ಲ. ಅದನ್ನು ಕಲಿಯಲು ನಾವು ಈ ಮೂರು ತಿಂಗಳು ಪಟ್ಟ ಪಾಡೇ ಈ ಸಲದ ಮಾತು.

ಮೂವತ್ತೆಂಟನೆಯ ವಯಸ್ಸಿನಲ್ಲಿ ನಾವು ಈಜು ಕಲಿತ ಕಥೆಯನ್ನು ಕಳೆದ ಸಂಚಿಕೆಯಲ್ಲಿ ಓದಿದ ಕೆಲವರು ವಾಚಕರು, “ಈ ವಯಸ್ಸಿನಲ್ಲಿ ಇದೇಕೆ?” ಎಂದು ಕೇಳಿದ್ದರು. ಕಾರಣವಿದೆ. ಗೋವೆಯ ಪಣಜಿಯಲ್ಲಿ 2019ರಲ್ಲಿ ಮೊದಲ್ಗೊಂಡ ಐರನ್‌ಮ್ಯಾನ್ 70.3 ಎಂಬ ಟ್ರಯಥ್ಲಾನ್ ಪಂದ್ಯಕ್ಕೆ ಹೋಗಲು ನಾವು ಮನಸ್ಸು ಮಾಡಿದ್ದೇವೆ. ಕಡಲಿನಲ್ಲಿ 1.9 ಕಿ.ಮೀ. ಈಜು, ಮೇಲೆದ್ದು ಬಂದು 90 ಕಿ.ಮೀ. ಸೈಕಲ್ ಸವಾರಿ, ಅದರಿಂದಿಳಿದು 21.1 ಕಿ.ಮೀ. ಓಟ. ಮೂರನ್ನೂ ಮೈಲಿಗಳಲ್ಲಿ ಕೂಡಿದರೆ 70.3. ಹವಾಯಿಯಲ್ಲಿ 1978ರಲ್ಲಿ ಹದಿನೈದು ಜನ ಸೇರಿ ಆರಂಭಿಸಿದ ಹುಚ್ಚಿನ ಅರ್ಧ ಪಾಲು ಇದು. ಗುಮಾಸ್ತನ ಮೈಗೆ ಅರ್ಧ ಸಾಕು.

ಸೈಕಲ್ಲಿನ ಅಭ್ಯಾಸಕ್ಕೆ ನಮ್ಮ ಹೈದರಾಬಾದಿನಲ್ಲಿ ಈಗ ಒಳ್ಳೆಯ ಅನುಕೂಲವಿದೆ. ಹೊರವರ್ತುಲ ರಸ್ತೆಯ ಮಗ್ಗುಲಲ್ಲಿ 23 ಕಿ.ಮೀ. ಸೈಕಲ್ ಹಾದಿ 2023ರ ಅಕ್ಟೋಬರಿನಲ್ಲಿ ತೆರೆಯಿತು. ಮೇಲೆ ಸೌರಫಲಕಗಳ ಸೂರು. ಭಾನುವಾರ ಬೆಳಗ್ಗೆ ಅಲ್ಲಿ ನಮ್ಮನ್ನು ಹಿಂದೆ ಹಾಕಿ ಹೋಗುವವರ ಚಕ್ರಗಳನ್ನು ಕಂಡು ನಮಗೆ ಆಸೆ ಹುಟ್ಟಿತು. ನಮ್ಮ ರಿಮ್ಮು ಒಂದೂವರೆ ಬೆರಳು ಎತ್ತರ. ಅವರದು ಅಂಗೈಯಷ್ಟು, ಕರಿಯ ಕಾರ್ಬನ್ನಿನದು. ಬರುವಾಗ ತಂಬೂರಿಯಂತೆ ಗುಂಯ್‌ಗುಡುತ್ತದೆ. ಬೆಲೆ ವಿಚಾರಿಸಿದೆವು. ಜೊತೆಗೆ ಒಂದೂವರೆ ಲಕ್ಷ ರೂಪಾಯಿ.

“ಅಲ್ರೀ, ಅಷ್ಟು ರೊಕ್ಕಕ್ಕ ಬರೀ ಗಾಲಿ ಬರ್ತಾವೊ, ಸೈಕಲ್ಲೂ ಬರ್ತದೊ?” ಎಂದು ಕೇಳಿದಳು ನಮ್ಮ ಮನೆಯಾಕೆ.

“ಗಾಲಿ ಅಷ್ಟ” ಎಂದೆವು.

ಆಕೆ ಮುಂದೆ ಮಾತಾಡಲಿಲ್ಲ. ಅಂಚೆಕಚೇರಿಯಲ್ಲಿ ಐದು ವರ್ಷದಿಂದ ತಿಂಗಳು ತಿಂಗಳು ಕಟ್ಟಿದ ಹಣ ಕೈಗೆ ಬರುವುದರಲ್ಲಿತ್ತು. ವಿಜಯಪುರದ ಕಡೆಯ ನಮ್ಮೂರಿನಲ್ಲಿ ಮನೆಯ ಮಾಳಿಗೆ ಸೋರುತ್ತಿದೆ, ಆ ಹಣದಲ್ಲಿ ಅದನ್ನು ಸರಿಮಾಡಿಸುತ್ತೇವೆಂದು ತಂದೆಯವರಿಗೆ ಮಾತು ಕೊಟ್ಟಿದ್ದೆವು. ಅದು ಆಕೆಗೂ ಗೊತ್ತು, ನಮಗೂ ಗೊತ್ತು.

ಕಚೇರಿಯಲ್ಲಿ ಒಂದು ಕುರ್ಚಿ ಕೊಳ್ಳಬೇಕಾದರೂ ತುಲನಾ ಪಟ್ಟಿ ಬರೆಯುವವರು ನಾವು. ಇದಕ್ಕೂ ಬರೆದೆವು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿ. ಅದನ್ನು ಗೆಲ್ಲಲು ಕಾಲು ಕೊಡಬೇಕಾದ ಶಕ್ತಿ ಎಂಟುಮಡಿ. ಹಾಗೆಂದರೆ ಚಕ್ರದಿಂದ ಉಳಿಯುವ ಶಕ್ತಿ ವೇಗಿಗಳಿಗೇ ಹೆಚ್ಚು. ಜಾಹೀರಾತಿನ ಉಳಿತಾಯವನ್ನು ಸಾಮಾನ್ಯವಾಗಿ ಅಳೆಯುವುದು ಗಂಟೆಗೆ 45 ಕಿ.ಮೀ. ವೇಗದಲ್ಲಿ. ನಮ್ಮದು 30. ಆ ಉಳಿತಾಯದ ಮೂರನೆಯ ಒಂದು ಪಾಲೂ ನಮಗೆ ದಕ್ಕದು. ಲೆಕ್ಕ ಹಾಕಿದಾಗ ಮೂರು ಗಂಟೆಯ ಸವಾರಿಯಲ್ಲಿ ಎರಡು ನಿಮಿಷದ ಆಸುಪಾಸು ಬಂತು.

ಇನ್ನೊಂದು ಸಂಗತಿಯೂ ಪಟ್ಟಿಗೆ ಸೇರಿತು. ಗಾಳಿಯ ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಸವಾರನ ದೇಹದ್ದು. 1989ರ ಫ್ರಾನ್ಸ್ ಪ್ರವಾಸ ಪಂದ್ಯದ ಕೊನೆಯ ದಿನ, 24.5 ಕಿ.ಮೀ. ಓಟಕ್ಕೆ ಫಿನ್ಯೋಂ ಎಂಬಾತ 50 ಸೆಕೆಂಡು ಮುಂದಿದ್ದ. ಹಿಂದೂ ಮುಂದೂ ತಟ್ಟೆಯಂತೆ ಮುಚ್ಚಿದ ಚಕ್ರಗಳು. ತಲೆ ಮಾತ್ರ ಬರಿದು, ಜುಟ್ಟು ಗಾಳಿಗೆ ಹಾರುತ್ತಿತ್ತು. ಎದುರಾಳಿ ಗ್ರೆಗ್ ಲೆಮಾಂಡ್ ತಲೆಗೆ ನೀಳವಾದ ಹೆಲ್ಮೆಟ್ಟು ಹಾಕಿ, ಮೊಣಕೈ ಊರುವ ಹ್ಯಾಂಡಲ್ಲಿನ ಮೇಲೆ ಮೈ ಬಗ್ಗಿಸಿದ. ಇಡೀ ಪಂದ್ಯವನ್ನು 8 ಸೆಕೆಂಡುಗಳಿಂದ ಗೆದ್ದುಬಿಟ್ಟ!

ಇಷ್ಟು ತಿಳಿದ ಮೇಲೂ ಆಸೆ ಸಾಯಲಿಲ್ಲ. ಕಚೇರಿಯ ಮಿತ್ರರೊಬ್ಬರು ತಮ್ಮ 80 ಮಿ.ಮೀ. ಚಕ್ರಗಳನ್ನು ಒಂದು ಭಾನುವಾರದ ಮಟ್ಟಿಗೆ ಕೊಟ್ಟರು. ಜುಲೈ ತಿಂಗಳು, ನಾರ್ಸಿಂಗಿಯಿಂದ ಕೊಲ್ಲೂರಿನ ಕಡೆಗೆ ಹೊರಟಿದ್ದೆವು. ಒಂದು ಸೇತುವೆಯ ಮರೆ ದಾಟಿದೊಡನೆ ಮಗ್ಗುಲ ಗಾಳಿ ಮುಂದಿನ ಚಕ್ರಕ್ಕೆ ಬಡಿಯಿತು. ಹ್ಯಾಂಡಲ್ಲು ತಾನಾಗಿಯೇ ತಿರುಗಿತು. ನಾವು ಒಂದು ಕಡೆ, ಸೈಕಲ್ಲು ಒಂದು ಕಡೆ. ಪುಣ್ಯಕ್ಕೆ ಮೂಳೆ ಉಳಿಯಿತು, ಮಿತ್ರರ ಚಕ್ರವೂ ಉಳಿಯಿತು. ಹವಾಯಿಯ ಕೋನಾ ಪಂದ್ಯದಲ್ಲಿ ತಟ್ಟೆ ಚಕ್ರಕ್ಕೆ ದಶಕಗಳ ಕಾಲ ಏಕೆ ಅನುಮತಿ ಇರಲಿಲ್ಲವೆಂಬುದು ಆಗ ನಮಗೆ ಮೈಯಲ್ಲೇ ಅರ್ಥವಾಯಿತು.

ಆ ರಾತ್ರಿ ಊರಿಗೆ ಫೋನು ಮಾಡಿದೆವು. ತಂದೆಯವರು ಹರೆಯದಲ್ಲಿ ಜಾತ್ರೆಯ ಸೈಕಲ್ ರೇಸುಗಳಲ್ಲಿ ಓಡಿಸಿದವರು. ಎಲ್ಲವನ್ನೂ ಕೇಳಿ, “ಮೊದಲ ಮೈ ಬಗ್ಗಸೋದು ಕಲಿ ತಮ್ಮಾ. ನನ್ನ ಗಾಲಿ ಎಲ್ಲಾರ ಗಾಲಿ ಹಂಗ ಇತ್ತು. ಎದಿ ಹ್ಯಾಂಡಲ್ಲಿಗೆ ಹಚ್ಚಿದ್ದಕ್ಕ ಗೆದ್ದೆ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೂ ನಿನಗ ಬೇಕಂದ್ರ ತಗೊ. ಮಾಳಿಗಿ ಇನ್ನೊಂದು ಮಳಿಗಾಲ ತಡೀತದ” ಎಂದರು.

ಬೇಡವೆಂದು ಗದರಿದ್ದರೆ ನಾವು ಕೊಂಡೇಬಿಡುತ್ತಿದ್ದೆವೊ ಏನೊ. ತಗೊ ಎಂದಮೇಲೆ ಕೈ ಬರಲಿಲ್ಲ.

ಕಡತದ ಕೊನೆಯ ಟಿಪ್ಪಣಿ ಹೀಗಿದೆ. ಮೊದಲು ಮಾಳಿಗೆ. ಆಮೇಲೆ, ತಿಂಗಳ ಖರ್ಚಿನಲ್ಲೇ ಹೊಂದುವಂತೆ, ಮೊಣಕೈ ಊರುವ ಏರೋಬಾರು, ಚೌಕಟ್ಟಿನಲ್ಲಿ ಹಿಡಿಸುವಷ್ಟು ಅಗಲದ ಒಳ್ಳೆಯ ಟಯರು, ತೆಳುವಾದ ಹಗುರ ಟ್ಯೂಬು. ಹಳೆಯ ಚಕ್ರಗಳೇ ಗೋವೆಗೆ ಬರಲಿವೆ.

ಕೈಯಲ್ಲಿ ಹಣವಿದ್ದು ಚಕ್ರ ಕೊಳ್ಳಬೇಕೆಂದಿರುವ ವಾಚಕ ಬಂಧುಗಳಿಗೆ ನಮ್ಮ ಗಾಯದ ಅನುಭವದಿಂದ ನಾಲ್ಕು ಮಾತು. ಗಾಳಿಗೆ ಹ್ಯಾಂಡಲ್ಲು ತಿರುಗುವುದು ಮುಂದಿನ ಚಕ್ರದಿಂದ. ಆದುದರಿಂದ ಮುಂದೆ 40ರಿಂದ 50 ಮಿ.ಮೀ. ಎತ್ತರ ಸಾಕು, ಹಿಂದೆ ಬೇಕಾದರೆ ಹೆಚ್ಚಿರಲಿ. ಟಯರು ರಿಮ್ಮಿನ ಅಗಲವನ್ನು ಮೀರಿ ಉಬ್ಬಿದ್ದರೆ ಲಾಭ ಕರಗುತ್ತದೆ. ರಿಮ್ಮಿಗೆ ಬ್ರೇಕು ಹಿಡಿಯುವ ಸೈಕಲ್ಲಾದರೆ ಕಾರ್ಬನ್ನಿಗೆಂದೇ ಮಾಡಿದ ಬ್ರೇಕಿನ ರಬ್ಬರು ಹಾಕಿಸಿರಿ. ಮಳೆಯಲ್ಲಿ ಅದು ತಡವಾಗಿ ಹಿಡಿಯುತ್ತದೆಂಬುದನ್ನು ಮರೆಯಬೇಡಿರಿ. ಹೊಸ ಚಕ್ರವನ್ನು ಪಂದ್ಯದ ದಿನವೇ ಮೊದಲ ಸಲ ಏರಬೇಡಿರಿ. ಗಾಳಿ ಜೋರಾಗಿರುವ ನಾಲ್ಕಾರು ದಿನ ಓಡಿಸಿ ನೋಡಿರಿ.

ಕಳೆದ ವಾರ ಊರಿಗೆ ಹೋಗಿ ಬಂದೆವು. ಗೌಂಡಿಯವರ ಕೆಲಸ ಮುಗಿದಿತ್ತು. ಆ ರಾತ್ರಿ ದೊಡ್ಡ ಮಳೆ. ಮಾಳಿಗೆಯ ಕೆಳಗೆ ಒಂದು ಪಾತ್ರೆಯನ್ನೂ ಇಡದೆ ಎಲ್ಲರೂ ಮಲಗಿದೆವು. ಬೆಳಗ್ಗೆ ತಂದೆಯವರು ನಮ್ಮ ಬೆನ್ನಿನ ಮೇಲೆ ಕೈಯಿಟ್ಟು ಒತ್ತಿ, “ಇನ್ನೂ ಬಗ್ಗಬೇಕು” ಎಂದರು. ಪಣಜಿಗೆ ತಾವೂ ಬರುತ್ತಾರಂತೆ.