ಪರೀಕ್ಷೆಗೆ ಅಂಜುವ ಶ್ರಾವಕರು

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಎದುರಿನಲ್ಲಿ ಪವಾಡಗಳನ್ನು ತೋರಿಸಬೇಕೆಂದು ಕೇಳಿಕೊಂಡರು. ಪರೀಕ್ಷೆ ನಡೆಯಲಿಲ್ಲ, ವಿವಾದ ಮಾತ್ರ ನಾಡೆಲ್ಲ ಹಬ್ಬಿತು. ನಾಸ್ತಿಕನಿಗೆ ಧರ್ಮದ ವಿಷಯವೇಕೆಂದು ಆಸ್ತಿಕರು, ಸುಳ್ಳಲ್ಲದಿದ್ದರೆ ಪರೀಕ್ಷೆಗೆ ಭಯವೇಕೆಂದು ವಿಚಾರವಾದಿಗಳು. ಆ ಜಗಳ ಇಂದಿಗೂ ಮುಗಿದಿಲ್ಲ.

ಈ ಜಗಳದಲ್ಲಿ ಅನೇಕ ಶ್ರಾವಕರು ಹಿಂದುಮುಂದು ನೋಡದೆ ಆಸ್ತಿಕರ ಸಾಲಿನಲ್ಲಿ ನಿಂತುಬಿಡುತ್ತಾರೆ. ದೇವರಿಲ್ಲವೆನ್ನುವವನು ಅಧರ್ಮಿಯೆಂಬ ಮಾತು ಬಸದಿಯ ಜಗಲಿಯ ಮೇಲೂ ಕೇಳಿಬರುತ್ತದೆ. ಆಡುವವರಿಗೆ ತಮ್ಮ ಮನೆತನದ ಇತಿಹಾಸವೇ ಮರೆತಂತಿದೆ. ವೇದಪ್ರಾಮಾಣ್ಯವನ್ನು ಒಪ್ಪದ ಕಾರಣ ವೈದಿಕ ದಾರ್ಶನಿಕರು ಜೈನರನ್ನು ಬೌದ್ಧ, ಚಾರ್ವಾಕರೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಿ ನಾಸ್ತಿಕರೆಂದೇ ಕರೆದರು. 9ನೆಯ ಶತಮಾನದ ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ಸೃಷ್ಟಿಕರ್ತನ ವಾದವನ್ನು ಹಿಡಿಹಿಡಿಯಾಗಿ ಖಂಡಿಸಿದ್ದಾರೆ. ಕೃತಕೃತ್ಯನಾದವನಿಗೆ ಲೋಕವನ್ನು ನಿರ್ಮಿಸುವ ಬಯಕೆ ಹುಟ್ಟಿದ್ದಾದರೂ ಹೇಗೆ? ಬಯಕೆಯಿದ್ದರೆ ಅವನು ಕೃತಕೃತ್ಯನೇ? ಇಂದಿನ ಯಾವ ನಾಸ್ತಿಕನೂ ಇದಕ್ಕಿಂತ ಹರಿತವಾಗಿ ಕೇಳಿಲ್ಲ.

ಪವಾಡದ ವಿಷಯದಲ್ಲಂತೂ ಸಮಂತಭದ್ರಾಚಾರ್ಯರು ನರಸಿಂಹಯ್ಯನವರಿಗಿಂತಲೂ ಮುಂದೆ ಹೋಗಿದ್ದರು. ಆಪ್ತಮೀಮಾಂಸೆಯ ಆರಂಭದಲ್ಲಿಯೇ ಅವರು ಪರೀಕ್ಷೆಗೆ ಒಳಪಡಿಸಿದ್ದು ಪರಮತದ ಗುರುವನ್ನಲ್ಲ, ಸ್ವಯಂ ಜಿನೇಂದ್ರನನ್ನು! ದೇವತೆಗಳ ಆಗಮನ, ಗಗನಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ, ಅವುಗಳಿಂದ ಭಗವಂತನು ಪೂಜ್ಯನಾಗನು ಎಂಬುದು ಅವರ ನಿಲುವು. ದೋಷರಹಿತನೂ ಸರ್ವಜ್ಞನೂ ಆದವನ ವಚನವು ಯುಕ್ತಿಗೆ ಅವಿರೋಧವಾಗಿದ್ದಾಗಲೇ ಆಪ್ತತ್ವ. ಅಂಗಡಿಯಲ್ಲಿ ತೂಕ ನೋಡದೆ ಒಂದು ಚೀಲ ಸರಕನ್ನೂ ಇಳಿಸಿಕೊಳ್ಳದ ಶ್ರಾವಕನು ಧರ್ಮದಲ್ಲಿ ಮಾತ್ರ ತಕ್ಕಡಿಯನ್ನು ಏಕೆ ಬದಿಗಿಡುತ್ತಾನೆ?

ಕಾರಣವು ಲೆಕ್ಕದ ಪುಸ್ತಕದಲ್ಲಿದೆ ಎನ್ನದೆ ವಿಧಿಯಿಲ್ಲ. ವರವನ್ನು ಬಯಸಿ ರಾಗದ್ವೇಷಗಳುಳ್ಳ ದೇವತೆಗಳನ್ನು ಉಪಾಸಿಸುವುದು ದೇವಮೂಢತೆಯೆಂದು ರತ್ನಕರಂಡಕ ಶ್ರಾವಕಾಚಾರವು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಎಷ್ಟು ಬಸದಿಗಳಲ್ಲಿ ತೀರ್ಥಂಕರರ ಎದುರಿಗಿಂತ ಯಕ್ಷಿಯ ಎದುರಿಗೆ ಜನ ಹೆಚ್ಚು! ಮದುವೆ, ಮೊಕದ್ದಮೆ, ಪರೀಕ್ಷೆ, ವ್ಯಾಪಾರ, ಎಲ್ಲಕ್ಕೂ ಹರಕೆ. ಯಕ್ಷಿಯರು ಶಾಸನದೇವತೆಯರು, ಅವರಿಗೆ ಸಲ್ಲುವ ಗೌರವಕ್ಕೆ ಪರಂಪರೆಯ ಆಧಾರವಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ವೀತರಾಗನು ಏನನ್ನೂ ಕೊಡನೆಂದು ಬೋಧಿಸಬೇಕಾದ ಟ್ರಸ್ಟುಗಳೇ ಹರಕೆಯ ರಸೀತಿ ಹರಿಯುತ್ತ ಕುಳಿತರೆ, ವಿಚಾರವಾದಿಯ ಪ್ರಶ್ನೆ ಕಹಿಯಾಗದೆ ಇನ್ನೇನಾದೀತು?

ನಾಸ್ತಿಕರಲ್ಲಿಯೂ ದೋಷವಿಲ್ಲದಿಲ್ಲ. ಅವರಲ್ಲಿ ಹಲವರು ಧರ್ಮವೆಂದರೆ ಈಶ್ವರನ ನಂಬಿಕೆಯೆಂದೇ ತಿಳಿದು ಎಲ್ಲವನ್ನೂ ಒಂದೇ ದೊಣ್ಣೆಯಿಂದ ಬಡಿಯುತ್ತಾರೆ. ಈಶ್ವರನಿಲ್ಲದೆಯೂ ಅಹಿಂಸೆ, ಸಂಯಮ, ಅಪರಿಗ್ರಹಗಳ ಮೇಲೆ ನಿಂತ ಧರ್ಮವೊಂದು ಈ ನೆಲದಲ್ಲಿಯೇ ಇದೆಯೆಂಬುದು ಅವರ ಗಣನೆಗೆ ಬಾರದು. ಪರಿಹಾಸ್ಯವನ್ನೇ ಪ್ರಮಾಣವೆಂದು ಬಗೆಯುವವರೂ ಉಂಟು. ನರಸಿಂಹಯ್ಯನವರು ಹಾಗಿರಲಿಲ್ಲ. ಅವಿವಾಹಿತರಾಗಿ, ಖಾದಿಯುಟ್ಟು, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ 2005ರವರೆಗೆ ಬಾಳಿದ ಅವರ ಪರಿಗ್ರಹವನ್ನು, ಅಣುವ್ರತಗಳನ್ನು ವೇದಿಕೆಯ ಮೇಲೆ ಕೊಂಡಾಡುವ ಶ್ರೀಮಂತ ಶ್ರಾವಕರು ತಮ್ಮದರೊಡನೆ ಹೋಲಿಸಿ ನೋಡಬಹುದು.

2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನಾದ ಅಪರಾಧವೆಂದು ತೀರ್ಪಿತ್ತಾಗ ದೇಶದ ಜೈನರೆಲ್ಲ ಬೀದಿಗಿಳಿದರು. ತಿಳಿಯದೆ ತೀರ್ಪು ಕೊಡಬೇಡಿ, ನಮ್ಮ ಮಾತನ್ನು ಕೇಳಿ ಎಂಬುದೇ ಅವರ ಬೇಡಿಕೆಯಾಗಿತ್ತು, ನ್ಯಾಯವಾದುದೇ. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು, ಸಮಾಜ ಹರ್ಷಪಟ್ಟಿತು. ಅದರ ಹಿಂದಿನ ದಿನ ಬೆಳಿಗ್ಗೆ, ಆಗಸ್ಟ್ 30ರಂದು, ಪರಧರ್ಮಸಹನೆಯನ್ನು ಎತ್ತಿಹಿಡಿದ ಕವಿರಾಜಮಾರ್ಗದ ಪರಿಸರವನ್ನು ಸಂಶೋಧಿಸಿದ ಡಾ. ಎಂ. ಎಂ. ಕಲಬುರ್ಗಿಯವರು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ತಮ್ಮ ಮಾತನ್ನು ಕೇಳಿರೆಂದು ಬೇಡಿದ ಸಮಾಜದಿಂದ ಆ ವಾರ ಅವರ ಪರವಾಗಿ ಎಷ್ಟು ದನಿಗಳೆದ್ದವು?

ಹರಿಭದ್ರಸೂರಿಗಳು ಷಡ್ದರ್ಶನಸಮುಚ್ಚಯದಲ್ಲಿ ಲೋಕಾಯತಮತಕ್ಕೂ ಸ್ಥಾನ ಕೊಟ್ಟರು. ಆಚಾರ್ಯರು ಚಾರ್ವಾಕನ ವಾದವನ್ನು ಮುರಿದರು, ಬಾಯಿ ಮುಚ್ಚಿಸಲಿಲ್ಲ. ಮುಂದಿನ ಮಹಾವೀರ ಜಯಂತಿಗೆ ಒಬ್ಬ ವಿಚಾರವಾದಿಯನ್ನು ವೇದಿಕೆಗೆ ಕರೆಯಲು ಯಾವ ಟ್ರಸ್ಟಿಗೆ ಧೈರ್ಯವಿದೆ? ಶಾಲು ಹಾರಗಳು ಬೇಡ. ಅವರು ಕೇಳಲಿ, ಉತ್ತರಿಸಲು ಸಮಂತಭದ್ರರನ್ನು ಓದಿದ ಪಂಡಿತರೊಬ್ಬರು ಪಕ್ಕದಲ್ಲಿರಲಿ, ಹರಕೆಯ ರಸೀತಿ ಪುಸ್ತಕವೂ ಮೇಜಿನ ಮೇಲಿರಲಿ.