ವಾಡೆ ನೋಡಿದ್ದಾಯಿತು, ವಖಾರಿ ತೋರಿಸಿ

ನಿಪ್ಪಾಣಿಗೆ ಬೀಗರು ಬಂದರೆ ತೋರಿಸಲು ಗೊತ್ತಾದ ಒಂದು ಸುತ್ತು ಇದೆ: ನಿಪ್ಪಾಣಿಕರ ದೇಸಾಯರ ವಾಡೆ, ತವಂದಿ ಘಾಟಿನ ಸ್ತವನಿಧಿ ಬಸದಿ, ಹೊತ್ತು ಉಳಿದರೆ ಆಡಿಯ ಗುಡ್ಡ. ವಾಡೆಯ ಮುಂದೆ ಸಿದ್ದೋಜಿರಾವ್ ನಿಂಬಾಳಕರರ ಕಥೆ ಹೇಳುತ್ತೇವೆ. ಪೇಶ್ವೆ ಕೊಟ್ಟ ಸರಲಷ್ಕರ ಬಿರುದು, 1839ರಲ್ಲಿ ಅವರು ತೀರಿಕೊಂಡ ಮೇಲೆ ವಾರಸಿನ ತಕರಾರು, ಜಹಗೀರು ಕಂಪನಿ ಸರಕಾರದ ಪಾಲು. ನೌಕರಿ ಪೂರ್ತಿ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ನಾನು, ಈ ಕಥೆಯನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ನನ್ನ ತಕರಾರು ಇಷ್ಟೇ: ನಮ್ಮೂರಿನ ಮುಕ್ಕಾಲು ಮನೆಗಳಲ್ಲಿ ಒಲೆ ಹೊತ್ತಿದ್ದು ತಂಬಾಕಿನ ವಖಾರಿಯ ಪಗಾರದಿಂದ. ಆ ವಖಾರಿಗಳನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ.

ಅವು ಒಂದೊಂದಾಗಿ ಬೀಳುತ್ತಿವೆ. ಬೀಡಿ ಧಂದೆ ಇಳಿಯಿತು. ಕಾಳಮ್ಮವಾಡಿ ಅಣೆಕಟ್ಟಿನ ನೀರು ದೂಧಗಂಗೆಗೆ ಬಂದ ಮೇಲೆ ಹೊಲಗಳು ಕಬ್ಬಿಗೆ ತಿರುಗಿದವು. ವಖಾರಿಯ ಜಾಗದಲ್ಲಿ ಮಂಗಲ ಕಾರ್ಯಾಲಯ, ಅಂಗಡಿ ಸಾಲು. ಮಾಲೀಕರನ್ನು ನಾನು ದೂರುವುದಿಲ್ಲ, ಖಾಲಿ ವಖಾರಿ ಯಾರ ಹೊಟ್ಟೆ ತುಂಬಿಸೀತು?

ನಮ್ಮವ್ವ ಅಂಥದೊಂದು ವಖಾರಿಯಲ್ಲಿ ಜರಡಿ ಹಿಡಿದಳು. ಕಿಟಕಿ ಮುಚ್ಚಿದ ಕೋಣೆ, ಮೂಗಿಗೆ ಸೀರೆಯ ಸೆರಗು, ರೆಪ್ಪೆಯ ಮೇಲೂ ಹಳದಿ ಧೂಳು. ಸಂಜೆ ಬಾಗಿಲಲ್ಲಿ ಮೈ ತಡವಿ ನೋಡಿಯೇ ಹೊರಗೆ ಬಿಡುತ್ತಿದ್ದರು. ಅದನ್ನು ಮಾತ್ರ ಅವಳು ಕೊನೆಯವರೆಗೂ ಕ್ಷಮಿಸಲಿಲ್ಲ. ಮುಪ್ಪಿನಲ್ಲಿ ಕೆಲಸ ಬಿಟ್ಟ ಮೇಲೆ ಹೇಳುತ್ತಿದ್ದಳು, ‘ಘಾಟು ಬಡೀಲಿಲ್ಲಂದ್ರ ನಿದ್ದಿನ ಬರೂದಿಲ್ಲವ್ವ.’ ಕೆಲಸದಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ಕೂತವಳ ಜತೆ ಉರ್ದು. ಮೂರು ಭಾಷೆಯಲ್ಲೂ ಬೈಯಲು ಬರುತ್ತಿತ್ತು.

1980ರ ಸುಮಾರಿಗೆ ವಖಾರಿಗಳ ಈ ಹೆಂಗಸರೇ ಸಂಘ ಕಟ್ಟಿದರು, ಮುಷ್ಕರ ಹೂಡಿದರು. ದೀಪಾ ಧನರಾಜ್ ಮತ್ತು ಗೆಳೆಯರ ‘ಯುಗಾಂತರ್’ ತಂಡ ಅವರ ಜತೆ ಕೂತು 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಆ ಮುಖಗಳನ್ನು ಹೊರದೇಶದವರು ಬಲ್ಲರು, ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ. ತಂಬಾಕು ಬೆಳೆದವರೂ ಸುಮ್ಮನಿರಲಿಲ್ಲ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೊಡಿ ಎಂದು ಶರದ್ ಜೋಶಿಯವರ ಶೇತಕರಿ ಸಂಘಟನೆಯ ಕರೆಗೆ ಓಗೊಟ್ಟ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಮೂರು ವಾರ ಕುಳಿತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ಮಂದಿ ಬಲಿಯಾದರು. ಈಗ ಅದೇ ಹೆದ್ದಾರಿಯಲ್ಲಿ ಕೊಗನೋಳಿ ಟೋಲ್ ದಾಟಿ ಹೋಗುವ ಎಷ್ಟು ಮಂದಿಗೆ ಇದು ಗೊತ್ತು?

ಮಗ ಸ್ಪೇನಿನಲ್ಲಿದ್ದಾಗ ಗ್ವಾದಲ್ಕಿವಿರ್ ಕಣಿವೆಯ ಸೆವಿಲ್ ನೋಡಿ ಬಂದೆ. ಎಲ್ಲರೂ ಚರ್ಚು, ಅರಮನೆಯ ಸರತಿಯಲ್ಲಿ ನಿಂತಿದ್ದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 18ನೇ ಶತಮಾನದಲ್ಲಿ ಅರಸರು ಕಟ್ಟಿಸಿದ ತಂಬಾಕು ಕಾರ್ಖಾನೆ. ಕೋಟೆಯಂತೆ ಸುತ್ತ ಕಂದಕ, ಒಳಗೆ ತನ್ನದೇ ಜೈಲು. ತಂಬಾಕು ಕದ್ದೀರಿ ಎಂಬ ಅನುಮಾನ ಅಲ್ಲಿಯೂ ಇತ್ತು! 19ನೇ ಶತಮಾನದಲ್ಲಿ ಅಲ್ಲಿ ಸಾವಿರಾರು ಹೆಂಗಸರು ಸಿಗಾರ್ ಸುತ್ತಿದರು. 1875ರ ‘ಕಾರ್ಮೆನ್’ ಆಪೆರಾದ ನಾಯಕಿ ಅಲ್ಲಿಯ ಕೆಲಸದಾಕೆ. 1950ರ ದಶಕದಲ್ಲಿ ಆ ಕಟ್ಟಡವನ್ನು ಕೆಡವದೆ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಜರಡಿ ಹಿಡಿದವರು ಕೂತ ಜಾಗದಲ್ಲಿ ಹುಡುಗಿಯರು ಪರೀಕ್ಷೆಗೆ ಓದುವುದು ನಮ್ಮೂರಲ್ಲಿ ಯಾಕಾಗಬಾರದು?

ತಂಬಾಕು ಕ್ಯಾನ್ಸರ್ ತರುತ್ತದೆ, ಅದಕ್ಕೆಂಥ ಸ್ಮಾರಕ ಎನ್ನುವವರಿದ್ದಾರೆ. ನಾನು ಕೇಳುತ್ತಿರುವುದು ಎಲೆಯ ಸ್ಮಾರಕವನ್ನಲ್ಲ. ಅದರ ಧೂಳು ನುಂಗಿ ಕೆಮ್ಮಿ ಸತ್ತವರ ಲೆಕ್ಕವನ್ನೂ ಆ ಗೋಡೆಯ ಮೇಲೆಯೇ ಬರೆಯಬೇಕು.

ಇನ್ನು ಫಲಕ ಯಾವ ಭಾಷೆಯಲ್ಲಿ ಎಂಬ ಜಗಳ ಏಳುತ್ತದೆ, ಬಲ್ಲೆ. ಗಡಿ ತಕರಾರಿನಲ್ಲಿ ಮಹಾಜನ ಆಯೋಗ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದಿತ್ತು, ಆ ವರದಿಯನ್ನು ಮಹಾರಾಷ್ಟ್ರವೇ ಒಪ್ಪಲಿಲ್ಲ. ಖಟ್ಲೆ ಸುಪ್ರೀಂ ಕೋರ್ಟಿನಲ್ಲಿದೆ. ಇತ್ತ ನಮ್ಮ ಮಕ್ಕಳು ಓದುವ ದೇವಚಂದ ಕಾಲೇಜು ಊರಿಗೆ ಹತ್ತಿಕೊಂಡಿದ್ದರೂ ಅದರ ಅರ್ಜುನನಗರ ಕಾಗಲ ತಾಲ್ಲೂಕಿನಲ್ಲಿ, ಗಡಿಯ ಆಚೆ ಇದೆ. ನಾವು ದಿನಾ ಗಡಿ ದಾಟಿ ಚಹಾ ಕುಡಿದು ಬರುವವರು. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬರೆಯಿರಿ, ಜರಡಿ ಹಿಡಿದವರು ಮೂರರಲ್ಲೂ ಮಾತಾಡುತ್ತಿದ್ದರು.

ನಗರಸಭೆ ಒಂದು ವಖಾರಿಯನ್ನು ಕೊಳ್ಳಲಿ, ಇಲ್ಲವೇ ದೀರ್ಘ ಲೀಸಿಗೆ ಪಡೆಯಲಿ. ಮಾಡು ಸೋರದಂತೆ ಹೆಂಚು ಹೊದಿಸಲಿ. ಒಂದು ಬದಿ ಓದುವ ಕೋಣೆ, ಇನ್ನೊಂದು ಬದಿ ಜರಡಿ, ತಕ್ಕಡಿ, ಹಳೆಯ ಪಗಾರದ ಚೀಟಿಗಳು, ದಿನಕ್ಕೊಮ್ಮೆ ಆ ಸಾಕ್ಷ್ಯಚಿತ್ರ. ಅದಕ್ಕೂ ಮೊದಲು ಆಗಬೇಕಾದ್ದು ಇನ್ನೊಂದಿದೆ. ಆ ಮುಷ್ಕರದಲ್ಲಿ ಕೂಗು ಹಾಕಿದ ಹೆಂಗಸರಿಗೆ ಈಗ ಎಪ್ಪತ್ತು, ಎಂಬತ್ತು. ಕಾಲೇಜಿನ ಹುಡುಗರ ಕೈಯಲ್ಲಿ ಮೊಬೈಲ್ ಇದೆ, ಈ ಬೇಸಿಗೆ ರಜೆಯಲ್ಲೇ ಮನೆಮನೆಗೆ ಹೋಗಿ ಅವರ ಮಾತು ದಾಖಲಿಸಲಿ. ಹೆದ್ದಾರಿಯ ಗೋಲಿಬಾರಿಗೆ 2031ರ ಏಪ್ರಿಲ್ 6ಕ್ಕೆ ಐವತ್ತು ತುಂಬುತ್ತದೆ. ವಖಾರಿಯ ಬಾಗಿಲು ಅಷ್ಟರೊಳಗೆ ತೆರೆಯಬೇಕು.